ಮೊಳ ಅಲ್ಲ ಸಾರ್, ಹುಳ

ಹೋದ ವಾರ ಪ್ರಪಂಚದ ನಕ್ಷೆ ತರಲೆಂದು ನಮ್ಮ ಶಾಲೆಯ ಬಿಸಿಯೂಟದ ದಾಸ್ತಾನು ಕೋಣೆಗೆ ಹೋಗಿದ್ದೆ. ಶಿವಮೊಗ್ಗದಂಥ ಊರಿನಲ್ಲೂ ನಕ್ಷೆ ಇಡಲು ಬೇರೆ ಜಾಗವಿಲ್ಲ, ಬೇಳೆ ಮೂಟೆಯ ಹಿಂದೆಯೇ ಇಡಬೇಕು! ಮೊದಲೇ ತಲೆ ಕೆಟ್ಟಿತ್ತು. ಬಡ ದೇಶ, ಶ್ರೀಮಂತ ದೇಶ, ವಿದೇಶಿ ನೆರವು ಅಂತ ಒಂಬತ್ತನೇ ಕ್ಲಾಸಿಗೆ ಮೂರು ದಿನ ಗಂಟಲು ಹರಿದುಕೊಂಡಿದ್ದೆ. ಕೊನೆಗೆ ಒಬ್ಬಳು ಎದ್ದು ನಿಂತು, "ಪುಕ್ಕಟೆ ಕೊಟ್ಟಿದ್ದನ್ನ ತಗೊಂಡು ಸುಮ್ನಿರ್ಬೇಕು ಅಷ್ಟೇ ಮಿಸ್, ಅದ್ರಲ್ಲಿ ಕೇಳೋದೇನಿದೆ?" ಅಂದಳು. ಇಡೀ ಕ್ಲಾಸು ಹೌದು ಹೌದು ಅಂತ ತಲೆಯಾಡಿಸಿತು. ನನ್ನ ಕರ್ಮ! ಅದೇ ಸಿಟ್ಟಿನಲ್ಲಿ ಕೋಣೆಯ ಬಾಗಿಲು ತೆಗೆದರೆ ಗೋಣಿಚೀಲದ ಮುಗ್ಗಲು ವಾಸನೆ ಮುಖಕ್ಕೆ ಬಡಿಯಿತು... ಭದ್ರಾವತಿಯ ಉಪ್ಪಿಟ್ಟಿನ ಅಕ್ಕ ನೆನಪಾದಳು.

ಅಲ್ಲಿನ ಓಲ್ಡ್ ಟೌನಿನಲ್ಲಿ ನಾನು ಓದಿದ ಪ್ರೈಮರಿ ಶಾಲೆಗೆ ಆಗ ಪರದೇಶದಿಂದ ಗೋಧಿ ರವೆ ಬರುತ್ತಿತ್ತು. ಅದನ್ನು ಉಪ್ಪಿಟ್ಟು ಮಾಡಿ ನಮಗೆ ಬಡಿಸುತ್ತಿದ್ದವಳು ಅವಳು. ಮನೆಯಲ್ಲಿ ತಮಿಳು, ನಮ್ಮ ಜೊತೆ ಕನ್ನಡ, ಸಿಟ್ಟು ಬಂದರೆ ಎರಡೂ. ಮೊರ ಹಿಡಿದು ಜಗಲಿಯ ಮೇಲೆ ಕೂತರೆ ಬೆಲ್ ಹೊಡೆದರೂ ಏಳುತ್ತಿರಲಿಲ್ಲ. ಹೊಟ್ಟೆ ಚುರುಗುಟ್ಟುತ್ತಿದ್ದ ನಮಗೆ ಅವಳ ಮೇಲೆ ಎಷ್ಟು ಕೋಪ ಬರುತ್ತಿತ್ತೋ! "ಇರೇ ಮಾರಾಯ್ತಿ, ಕಲ್ಲು ತಿಂತೀಯಾ?" ಅಂತ ಗದರುತ್ತಿದ್ದಳು.

ಒಂದು ಸಲ ಬಂದ ಮೂಟೆಗಳಲ್ಲಿ ರವೆಗಿಂತ ಹುಳವೇ ಹೆಚ್ಚು. ಎರಡು ದಿನ ಆರಿಸಿ ಆರಿಸಿ ಮಾಡಿದಳು. ಆದರೂ ತಟ್ಟೆಯಲ್ಲಿ ಹುಳ. ಮೂರನೇ ದಿನ, ನೆರವು ಹೇಗೆ ನಡೆದಿದೆ ಅಂತ ನೋಡಲು ಸಾಹೇಬರುಗಳು ಜೀಪಿನಲ್ಲಿ ಬಂದರು. ಅಕ್ಕ ಒಲೆಯನ್ನೇ ಹಚ್ಚಿರಲಿಲ್ಲ. ಹುಳ ಹರಿದಾಡುತ್ತಿದ್ದ ಮೊರವನ್ನು ನೇರ ತಂದು ಅವರ ಮುಂದೆ ಇಟ್ಟುಬಿಟ್ಟಳು. ಹೆಡ್‌ಮಾಸ್ತರರ ಮುಖ ಕಪ್ಪಿಟ್ಟಿತು.

"ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ರಂತೆ," ಎಂದರು.

"ಮೊಳ ಅಲ್ಲ ಸಾರ್, ಹುಳ," ಎಂದಳು ಅಕ್ಕ.

ಸಾಹೇಬರೊಬ್ಬರು ನಕ್ಕೇಬಿಟ್ಟರು. ಅದೇ ಎಡವಟ್ಟಾಯಿತು. ಹೆಡ್‌ಮಾಸ್ತರರು ಉರಿದುಹೋದರು. ಮುಂದೆ ನಿಂತಿದ್ದ ನನ್ನ ರಟ್ಟೆ ಹಿಡಿದೆಳೆದು, "ನೀನು ಹೇಳೇ, ನಿನ್ನೆ ಉಪ್ಪಿಟ್ಟಲ್ಲಿ ಹುಳ ಇತ್ತಾ?" ಎಂದರು. ಇತ್ತು ಅಂದರೆ ನಾಳೆಯಿಂದ ಉಪ್ಪಿಟ್ಟೇ ನಿಂತುಹೋದೀತು ಅಂತ ನನಗೆ ಹೆದರಿಕೆ. ನಮ್ಮ ಮನೆಯಲ್ಲಿ ಆಗ ಬೆಳಗಿನ ಹೊತ್ತು ಒಲೆ ಉರಿಯುತ್ತಿರಲಿಲ್ಲ.

"ಇಲ್ಲ ಸಾರ್," ಅಂದೆ.

ಅಕ್ಕ ನನ್ನನ್ನು ಬೈಯಲಿಲ್ಲ. "ಹಸಿದ ಮಗೂನ ಯಾಕೆ ಸಾರ್ ಕೇಳ್ತೀರಾ?" ಅಂದು ಮೊರ ಎತ್ತಿಕೊಂಡು ಒಳಗೆ ಹೋದಳು. ಮರುದಿನ ಅವಳ ಜಾಗಕ್ಕೆ ಬೇರೆ ಹೆಂಗಸು ಬಂದಿದ್ದಳು. ಆಕೆ ಏನನ್ನೂ ಆರಿಸಲಿಲ್ಲ. ನಾನು ಬಾಚಿ ಬಾಚಿ ತಿಂದೆ...

ಕೆಲಸ ಸಿಕ್ಕಿ ಎಷ್ಟೋ ವರ್ಷದ ಮೇಲೆ ಅವಳನ್ನು ಹುಡುಕಿಕೊಂಡು ಓಲ್ಡ್ ಟೌನಿಗೆ ಹೋದೆ. ಅಷ್ಟರಲ್ಲಿ ತೀರಿಹೋಗಿದ್ದಳು. ಇವತ್ತು ಹೋದರಾಯಿತು, ನಾಳೆ ಹೋದರಾಯಿತು ಅಂತ ದೂಡುತ್ತಲೇ ಬಂದ ನನಗೆ ಏನನ್ನಬೇಕು!

ನಕ್ಷೆಯ ದೂಳು ಕೊಡವಿ ಕ್ಲಾಸಿಗೆ ವಾಪಸ್ ಬಂದೆ. ಪಾಠ ಬಿಟ್ಟು ಇದನ್ನೇ ಹೇಳಿದೆ, ಯಾವುದೋ ಶಾಲೆ, ಯಾರೋ ಒಬ್ಬ ಹುಡುಗಿ ಅಂತ. ಸುಮ್ಮನಿರಬೇಕು ಅಂದಿದ್ದ ಆ ತರಲೆಯೇ ಮತ್ತೆ ಎದ್ದಳು.

"ಛೇ, ಎಂಥ ಹುಡುಗಿ ಮಿಸ್ ಅವಳು! ಆಮೇಲೆ ಸಾರಿ ಆದ್ರೂ ಕೇಳಿದ್ಲಾ?"

"ಕೂತ್ಕೊಳ್ಳೇ ಸಾಕು, ಬಾಯ್ಮುಚ್ಕೊಂಡು ಬರ್ಕೋ," ಎಂದು ರೇಗಿದೆ.

ಆ ಹುಡುಗಿ ನಾನೇ ಅಂತ ಹೇಳಲು ಬಾಯಿ ಬರಲಿಲ್ಲ. ಈ ಸಲ ನನ್ನ ಹೊಟ್ಟೆಯೇನೂ ಹಸಿದಿರಲಿಲ್ಲ.