ಶನಿವಾರದ ಹಳದಿ ದೀಪ

ನಮ್ಮ ಮಲ್ಲಿಪಟ್ಟಣದ ಲಕ್ಕಮ್ಮನಿಗೆ ಬಸ್ಸೆಂದರೆ ಆಗದು. ಅರಕಲಗೂಡು ಮುಟ್ಟುವಷ್ಟರಲ್ಲಿ ಹೊಟ್ಟೆ ತೊಳಸಿ, ಹಾಸನ ಸೇರುವಷ್ಟರಲ್ಲಿ ಅರೆಜೀವವಾಗುತ್ತಿದ್ದಳು. ತವರೋ ಚನ್ನರಾಯಪಟ್ಟಣದಿಂದಲೂ ಆಚೆ. ಅಲ್ಲಿ ತಮ್ಮನ ಮನೆಯಲ್ಲಿದ್ದ ತಾಯಿ ದೊಡ್ಡತಾಯಮ್ಮನಿಗೆ ಕಣ್ಣು ಮಂಜಾಗಿತ್ತು. ಮಗಳ ಮುಖ ತಡವಿ ನೋಡಿದರೇನೇ ಆಕೆಗೆ ಸಮಾಧಾನ. ಹಾಗಾಗಿ ಶುಂಠಿ ಬೆಳೆ ಕೈಹಿಡಿದ ವರ್ಷ, ಅಂದರೆ ಎರಡು ಸಾವಿರದ ಐದರಲ್ಲಿ, ಗಂಡ ಪುಟ್ಟಸ್ವಾಮಿ ಹಳೇ ಕಾರೊಂದನ್ನು ತಂದಾಗ ಊರಿನಲ್ಲಿ ಲಕ್ಕಮ್ಮನಷ್ಟು ಹಿಗ್ಗಿದವರು ಬೇರೆ ಯಾರೂ ಇಲ್ಲ. ಶನಿವಾರ ಬಂತೆಂದರೆ ಇಬ್ಬರೂ ತವರಿಗೆ ಹೊರಡುವುದು. ಕಿಟಕಿ ಇಳಿಸಿ, ಸೆರಗು ಸಿಕ್ಕಿಸಿ, ಮುಂದಿನ ಸೀಟಿನಲ್ಲಿ ಕೂತರೆ ಅವಳ ಠೀವಿಯೇ ಠೀವಿ.

ಪುಟ್ಟಸ್ವಾಮಿ ಕೆಟ್ಟವನಲ್ಲ, ಆದರೆ ಮೊಂಡ. ಹಸು ಕೊಳ್ಳಲಿ, ಹೊಲ ಮಾರಲಿ, ಹೆಂಡತಿಯನ್ನು ಒಂದು ಮಾತು ಕೇಳಿದವನಲ್ಲ. ಪಕ್ಕದ ಮನೆಯ ನನಗೇ ಇದನ್ನು ಕಂಡರೆ ಮೈ ಉರಿಯುತ್ತಿತ್ತು. ಲಕ್ಕಮ್ಮ ಮಾತ್ರ ನಕ್ಕು ಸುಮ್ಮನಾಗುತ್ತಿದ್ದಳು.

ಆ ವರ್ಷದ ಆಯುಧಪೂಜೆಗೆ ಪುಟ್ಟಸ್ವಾಮಿ ಬಾನೆಟ್ ಎತ್ತಿ, ಪೈಪು ಹಿಡಿದು, ಎಮ್ಮೆ ತೊಳೆದಂತೆ ಎಂಜಿನ್ನು ತೊಳೆದ. ಮಾರನೆಯ ದಿನ ಸ್ಟೇರಿಂಗ್ ಮುಂದೆ ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿಕೊಂಡಿತು. ಗಾಡಿ ಜಗ್ಗತೊಡಗಿತು. ಆಮೇಲೆ ತಾನಾಗಿಯೇ ದೀಪ ಆರಿತು, ಮರೆತೂಬಿಟ್ಟರು. ಆದರೆ ಕೆಲವು ದಿನ ಕಳೆದು ಮತ್ತೆ ಶುರುವಾಯಿತು. ಶನಿವಾರ ಹೊತ್ತುವುದು, ಸೋಮವಾರ ಹಾಸನದ ಮೆಕ್ಯಾನಿಕ್ ದೇವಯ್ಯನ ಶೆಡ್ಡಿಗೆ ಒಯ್ಯುವ ಹೊತ್ತಿಗೆ ಏನೂ ಅರಿಯದಂತೆ ಆರಿರುವುದು. ಪ್ಲಗ್ಗು ಬದಲಾಯಿತು, ಪೆಟ್ರೋಲ್ ಹಾಕಿಸುವ ಬಂಕು ಬದಲಾಯಿತು, ಒಂದು ಸೆನ್ಸರನ್ನೂ ಬದಲಾಯಿಸಿದ್ದಾಯಿತು. ದೀಪದ ಬುದ್ಧಿ ಮಾತ್ರ ಬದಲಾಗಲಿಲ್ಲ.

ಕೊನೆಗೆ ದೇವಯ್ಯ, "ಸೋಮವಾರ ತರಬ್ಯಾಡ ಕಣಣ್ಣ. ದೀಪ ಹತ್ತುತ್ಲೂವೆ ಇಲ್ಲಿಗೆ ತಗಂಬಾ," ಎಂದ.

ಅಷ್ಟರಲ್ಲಿ ಪುಟ್ಟಸ್ವಾಮಿಗೆ ತಾಳ್ಮೆ ಕೆಟ್ಟಿತ್ತು. ಅರಕಲಗೂಡಿನ ಒಬ್ಬರು ಕಾರನ್ನು ಕೇಳಿದ್ದರು. ಇನ್ನೊಂದು ಸಲ ದೀಪ ಹೊತ್ತಿದರೆ ಮಾರಿಬಿಡುತ್ತೇನೆಂದು ಮನೆಯಲ್ಲಿ ಸಾರಿಬಿಟ್ಟ. ಆ ವಾರವಿಡೀ ಲಕ್ಕಮ್ಮನಿಗೆ ಅನ್ನ ಸೇರಲಿಲ್ಲ.

ಶನಿವಾರ ಹಾಸನದಲ್ಲಿ ನನಗೂ ಕೆಲಸವಿತ್ತು, ಹಿಂದಿನ ಸೀಟಿನಲ್ಲಿ ಕೂತಿದ್ದೆ. ಅರಕಲಗೂಡು ದಾಟುತ್ತಿದ್ದಂತೆ ದೀಪ ಹೊತ್ತಿತು. ನೆಟ್ಟಗೆ ಶೆಡ್ಡಿಗೆ ಹೋದೆವು.

ದೇವಯ್ಯ ಸ್ಕ್ಯಾನರ್ ಚುಚ್ಚಿ ನೋಡಿದ. ಒಂದು ಸಿಲಿಂಡರಿಗೆ ಕಿಡಿ ಸರಿಯಾಗಿ ಹೋಗುತ್ತಿಲ್ಲವೆಂದು ಅದು ತೋರಿಸಿತು. ಬಾನೆಟ್ ಎತ್ತಿ ಅಲ್ಲಿನ ವೈರಿನ ಸಾಕೆಟ್ ಬಿಚ್ಚಿದ. ಒಳಗೆ ಹಸಿರು ಕಿಲುಬು, ಅದರ ಮೇಲೆ ತೇವ.

"ಇಲ್ನೋಡಣ್ಣ, ನೀರು. ಎರಡು ದಿನಕ್ಕೆ ಒಣಗೋಯ್ತದೆ, ದೀಪಾನೂ ಆರೋಯ್ತದೆ. ಅದ್ಕೇ ಸೋಮವಾರ ನಂಗೆ ಸಿಗ್ತಿರ್ನಿಲ್ಲ. ಎಂಜಿನ್ ತೊಳೀತಿದ್ದೀಯಾ?"

"ಹಬ್ಬದಾಗೆ ತೊಳೆದಿದ್ದು ಬುಟ್ರೆ ಒಂದ್ ತೊಟ್ಟು ನೀರು ಸೋಕ್ಸಿಲ್ಲ," ಎಂದು ಪುಟ್ಟಸ್ವಾಮಿ ರೇಗಿದ. "ದಿನಕ್ಕೊಂದು ಕತೆ ಯೋಳ್ಬ್ಯಾಡ. ಸಾಕಾಯ್ತು ನಂಗೆ, ಇವತ್ತೇ ಕೊಟ್ಬುಡ್ತೀನಿ."

ಜೇಬಿನಿಂದ ಮೊಬೈಲ್ ತೆಗೆದು ಅರಕಲಗೂಡಿನವರಿಗೆ ಫೋನು ಮಾಡಿಯೇಬಿಟ್ಟ.

"ನೀರು ನಾನ್ ಉಯ್ತಿದ್ದೆ," ಎಂದಳು ಲಕ್ಕಮ್ಮ.

ಹಬ್ಬದ ಮಾರನೆಯ ದಿನ ದೀಪ ಹೊತ್ತಿತಲ್ಲ, ಗಾಡಿಗೆ ಯಾರದೋ ಕಣ್ಣು ಬಿತ್ತೆಂದು ಅವಳಿಗೆ ದಿಗಿಲು. ಅಂದಿನಿಂದ ಶುಕ್ರವಾರ ಸಂಜೆ ದೇವರಿಗೆ ದೀಪ ಹಚ್ಚಿ, ಗಂಡ ಹೊಲದಿಂದ ಬರುವ ಮೊದಲೇ ಬಾನೆಟ್ ಎತ್ತಿ, ಎಂಜಿನ್ನಿಗೆ ಅರಿಶಿನದ ನೀರು ಹಾಕುತ್ತಿದ್ದಳು. ಮೊದಮೊದಲು ಒಂದಿಷ್ಟು ಚಿಮುಕಿಸುತ್ತಿದ್ದಳು. ದೀಪ ಮತ್ತೆ ಮತ್ತೆ ಹೊತ್ತಿದ್ದು ಕಂಡು, ದೇವರಿಗೆ ಇಷ್ಟು ಸಾಲದೇನೋ ಎಂದುಕೊಂಡು ಚೊಂಬಿಗೆ ಬಂದಿದ್ದಳು. ನಿನ್ನೆಯಂತೂ ಎರಡು ಚೊಂಬು.

ದೇವಯ್ಯ ಗೋಡೆಯ ಕಡೆ ತಿರುಗಿಕೊಂಡ, ಅವನ ಬೆನ್ನು ಕುಲುಕುತ್ತಿತ್ತು. ನನಗೂ ತಡೆಯಲಾಗಲಿಲ್ಲ, ನಕ್ಕುಬಿಟ್ಟೆ. ಲಕ್ಕಮ್ಮ ನಗಲಿಲ್ಲ.

"ಗಾಡಿ ಮಾರ್ಬುಟ್ರೆ ನಾನು ಅವ್ವುನ್ನ ಎಂಗ್ ನೋಡ್ಲಿ?" ಎಂದಳು. ಕಣ್ಣು ತುಂಬಿತ್ತು.

ಪುಟ್ಟಸ್ವಾಮಿಯ ಕೈಯಲ್ಲಿದ್ದ ಫೋನಿನಿಂದ ಯಾರೋ ಹಲೋ, ಹಲೋ ಎನ್ನುತ್ತಿದ್ದರು. ಅವನು ಹೆಂಡತಿಯನ್ನೇ ನೋಡುತ್ತಾ ನಿಂತಿದ್ದ. ಇಷ್ಟು ವರ್ಷದಲ್ಲಿ ಅವನ ಸಿಟ್ಟು ಅಷ್ಟು ಬೇಗ ಇಳಿದದ್ದನ್ನು ನಾನು ಕಂಡಿರಲಿಲ್ಲ.

"ನಿನ್ ಕೂರಿಸ್ಕಂಡು ಓಯ್ತಾ ನಡೂದಾರೀಲಿ ನಿಂತೋದ್ರೆ ಏನ್ ಮಾಡ್ಲಿ ಅಂತ ಮಾರಾಕೆ ಒಂಟಿದ್ದೆ ಕಣೇ," ಎಂದ ಮೆಲ್ಲಗೆ. ಆಮೇಲೆ ಫೋನು ಕಿವಿಗಿಟ್ಟುಕೊಂಡು, "ಸಾ, ಗಾಡಿ ನಂದಲ್ಲ, ನಮ್ಮನೆಯವಳ್ದು. ಅವಳ್ನೇ ಕೇಳಿ," ಎಂದು ಅವಳ ಕೈಗೆ ಕೊಟ್ಟ.

ಲಕ್ಕಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದಳು. ಒಮ್ಮೆ ಗಂಡನ ಮುಖ ನೋಡಿದಳು. ಅವನು ತಲೆಯಾಡಿಸಲೂ ಇಲ್ಲ, ಸುಮ್ಮನೆ ಕಾಯುತ್ತಿದ್ದ.

"ಕೊಡಾಕಿಲ್ಲ ಕಣಪ್ಪ," ಎಂದಳು.