ಪಗ್ಗಿನ ಎಡಗಣ್ಣು

ಹೊಸಕೋಟೆಯ ಆ ಪಶುವೈದ್ಯೆ ಯಾವಾಗಲೂ ಮೊದಲು ಪ್ರಾಣಿಯನ್ನೇ ಕೇಳುತ್ತಿದ್ದರು: "ನೀನ್ ಹೇಳು ಮರಿ, ಏನಾಯ್ತು?" ನಮ್ಮ ಪಗ್ ನಾಯಿಯ ಕೆಂಪಾದ ಎಡಗಣ್ಣಿನಿಂದ ನೀರು ಸುರಿಯುತ್ತಿದ್ದಾಗಲೂ ಹಾಗೇ ಕೇಳಿ, ಅದರ ಗದ್ದವನ್ನು ಅಂಗೈಯಲ್ಲಿ ಹಿಡಿದರು.

"ರಸ್ತೆ ಧೂಳಿರ್ಬೇಕು ಮೇಡಂ. ಮನೇಲಿದ್ದ ಡ್ರಾಪ್ಸ್ ಹಾಕ್ತಿದ್ದೀನಿ," ಎಂದು ಬಾಟಲಿ ಕೊಟ್ಟೆ.

ಅವರು ಅದನ್ನು ಓದಿ, ಕಣ್ಣಿಗೆ ಬಣ್ಣದ ಹನಿ ಬಿಟ್ಟು ನೀಲಿ ಟಾರ್ಚ್ ಹಿಡಿದರು. ಗುಡ್ಡೆಯ ನಡುವೆ ಗಾಯ ಹಸಿರಾಗಿ ಹೊಳೆಯಿತು. ರೆಪ್ಪೆಯೊಳಗಿಂದ ಒಣಹುಲ್ಲಿನ ಚೂರೊಂದನ್ನು ತೆಗೆದರು.

"ಹುಲ್ಲು ಗೀರಿದ್ದು ಇಷ್ಟೇ ಇಷ್ಟು. ಈ ಡ್ರಾಪ್ಸಲ್ಲಿ ಸ್ಟಿರಾಯ್ಡ್ ಇದೆ, ಅದು ಗಾಯನ ದೊಡ್ಡದು ಮಾಡ್ತು. ಇನ್ನೆರಡು ದಿನ ಹಾಕಿದ್ರೆ ಕಣ್ಣೇ ಹೋಗ್ತಿತ್ತು ಕಣಮ್ಮ."

ಐದು ದಿನ ಮುದ್ದು ಮಾಡುತ್ತಲೇ ಹಾಕಿದ್ದೆ. ಅವರು ಬೈಯಲಿಲ್ಲ, ಕುರ್ಚಿ ಎಳೆದು ನನ್ನನ್ನು ಕೂರಿಸಿದರು.

ಕಣ್ಣು ಉಳಿಯಿತು. ಆದರೆ ಈಗಲೂ ನಾನು ಮುದ್ದಿಸಲು ಕೈ ಚಾಚಿದರೆ, ನಾಯಿ ಆ ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ.