ನೆಟ್ಟಗಿದ್ದ ಕಿವಿಗೆ ಬಿಟ್ಟ ಎಣ್ಣೆ

ನನ್ನ ಹೆಂಡತಿಯ ಕಿವಿ ನೆಟ್ಟಗೇ ಇತ್ತು. ಕೆಟ್ಟಿದ್ದು ನನ್ನದು. ಅದು ನನಗೆ ಗೊತ್ತಿತ್ತು — ಗೊತ್ತಿದ್ದೂ ನಾಲ್ಕು ಜನರ ಮುಂದೆ ಅವಳ ಕಿವಿ ಸರಿಯಿಲ್ಲ ಎಂದೆ, ಆಮೇಲೆ ವರ್ಷಗಟ್ಟಲೆ ಆ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಇದೆಲ್ಲ ಶುರುವಾದದ್ದು ಒಂದು ಜೋಡಿ ಸ್ಪೀಕರಿನಿಂದ. ಸ್ಪೀಕರ್ ಕೊಳ್ಳುವುದರಲ್ಲಿ ಎಂಥ ಪಾಪ ಎಂದು ನಗುವವರು ನಗಲಿ. ನಾನೂ ಎಷ್ಟೋ ದಿನ ಹಾಗೇ ನಕ್ಕು ತಪ್ಪಿಸಿಕೊಂಡಿದ್ದೇನೆ.

ನಾನು ವಿಜಾಪುರದವನು. ಪುಣೆಗೆ ಬಂದು ಕೊಂಢವಾದಲ್ಲಿ ಮನೆ ಮಾಡಿ, ಕುರಕುಂಭದ ಒಂದು ಕೆಮಿಕಲ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದೆ. ದಿನವಿಡೀ ಕಂಪ್ರೆಸರ್ ಶೆಡ್ಡಿನಲ್ಲಿ ಕೆಲಸ. ಕಿವಿಗೆ ಹಾಕಿಕೊಳ್ಳಲು ಕಂಪನಿಯವರು ಕೊಟ್ಟ ಬಿರಡೆ ಅಂಗಿಯ ಜೇಬಿನಲ್ಲೇ ಇರುತ್ತಿತ್ತು. ಕೂಲಿಕಾರರಿಗೆ ಹಾಕಿಕೊಳ್ಳಿರೆಂದು ಗದರಿಸಿ ನಾನು ಮಾತ್ರ ಹಾಕಿಕೊಳ್ಳುತ್ತಿರಲಿಲ್ಲ. ಸಂಗೀತದ ಹುಚ್ಚು ಬೇರೆ. ಹಾಡಲು ಒಂದು ಸ್ವರವೂ ಬಾರದು, ಆದರೆ ಭಾನುವಾರ ಬೆಳಿಗ್ಗೆ ಗೆಳೆಯರು ಮನೆಗೆ ಬಂದು, ಅವಲಕ್ಕಿ ತಿಂದು, ಚಹಾ ಕುಡಿದು, ನಾನು ಹಾಕಿದ ಕ್ಯಾಸೆಟ್ ಕೇಳಿ, ನಾನು ತಲೆದೂಗಿದಲ್ಲಿ ತಾವೂ ತಲೆದೂಗಿ ಹೋಗುತ್ತಿದ್ದರು. ಮರಾಠಿ ಗೆಳೆಯರು ನನ್ನನ್ನು ‘ಕಾನಸೇನ’ ಎನ್ನುತ್ತಿದ್ದರು — ಹಾಡಲು ಬಾರದಿದ್ದರೂ ಕೇಳುವುದರಲ್ಲಿ ಪಂಡಿತ ಎಂದು. ಅವರಿಗೆ ಅದು ತಮಾಷೆ. ನಾನು ಬಿರುದೆಂದೇ ತಿಳಿದು ಹೊತ್ತುಕೊಂಡು ತಿರುಗಿದೆ.

ನಿಜವಾಗಿ ಕಿವಿ ಇದ್ದದ್ದು ನನ್ನ ಹೆಂಡತಿ ಇಂದೂಗೆ. ನಮ್ಮ ಸೊಸೈಟಿಯ ಹೆಂಗಸರ ಭಜನಿ ಮಂಡಳದಲ್ಲಿ ಅವಳೇ ಮೊದಲ ಸ್ವರ ಎತ್ತುತ್ತಿದ್ದಳು. ಮರಾಠಿ ಅಭಂಗವಿರಲಿ, ನಮ್ಮ ದಾಸರ ಪದವಿರಲಿ, ಶುರು ಅವಳದೇ. ಹಾರ್ಮೋನಿಯಂ ನುಡಿಸುವ ಕಮಲಾಬಾಯಿ ಯಾವಾಗಲೂ ತಡವಾಗಿ ಬರುವವರು. ಅವರು ಬಂದು ಪೆಟ್ಟಿಗೆ ತೆರೆದು ಸ್ವರದ ಮನೆ ಒತ್ತಿದರೆ ಇಂದೂ ಎತ್ತಿದ ಸ್ವರ ಸರಿಯಾಗಿ ಅಲ್ಲೇ ಕೂತಿರುತ್ತಿತ್ತು. ಕಮಲಾಬಾಯಿ ಪ್ರತಿಸಲವೂ ಬೆರಗಾಗಿ ಸುತ್ತಲೂ ನೋಡುತ್ತಿದ್ದರು. ಇಂದೂ ಸುಮ್ಮನೆ ತಾಳ ಹಾಕುತ್ತಿದ್ದಳು.

ಒಂದು ವರ್ಷ ಕಾರ್ಖಾನೆಯ ತಪಾಸಣೆಯಲ್ಲಿ ಡಾಕ್ಟರರು ನನ್ನ ಕಿವಿಗೆ ಯಂತ್ರ ಹಾಕಿ, ಸೀಟಿ ಕೇಳಿದಾಗ ಗುಂಡಿ ಒತ್ತಿ ಎಂದರು. ನಾನು ಕೂತೆ. ಸೀಟಿ ಇನ್ನೂ ಶುರುವಾಗಿಲ್ಲ ಎಂದುಕೊಂಡೇ ಕೂತೆ. ಅವರು ಯಂತ್ರ ಬಿಚ್ಚಿ, ಮೇಲಿನ ಸ್ವರಗಳು ಹೋಗಿವೆ, ಮಾತು ಕೇಳಿಸುತ್ತದೆ, ಬಳೆ, ತಾಳ, ಗುಬ್ಬಿ — ಇವು ಇನ್ನು ಮಂಕು ಎಂದರು. ಹೋದದ್ದು ಬರುವುದಿಲ್ಲ ಎಂದೂ ಹೇಳಿದರು. ಆ ದಿನ ಕಂಪನಿಯ ಬಸ್ಸಿನಲ್ಲಿ ಕೂತು ಮನೆಗೆ ಬರುವಾಗಲೇ ಯಾರಿಗೂ ಹೇಳುವುದಿಲ್ಲ ಎಂದು ನಿಶ್ಚಯಿಸಿದೆ. ಕಿವುಡ ಕಾನಸೇನ — ಭಾನುವಾರ ಅವಲಕ್ಕಿಯ ಜೊತೆಗೆ ನಗಲು ಗೆಳೆಯರಿಗೊಂದು ನೆಪ ಸಿಕ್ಕಿದಂತಾಗುತ್ತಿತ್ತು.

ಅದಾದ ಮರುವರ್ಷವೇ ದೊಡ್ಡ ಸ್ಪೀಕರ್ ಕೊಳ್ಳುವ ಹುಚ್ಚು ಹತ್ತಿತು. ಏಕೆ ಎಂದು ಆಗ ನನ್ನನ್ನೇ ಕೇಳಿಕೊಳ್ಳಲಿಲ್ಲ. ಈಗ ಅನಿಸುತ್ತದೆ — ಹೋದದ್ದನ್ನು ಕೊಂಡು ತರಬಹುದೆಂಬ ಆಸೆ ಇತ್ತು.

ಶಿವಾಜಿನಗರದ ಒಂದು ಮಾಳಿಗೆಯ ಮೇಲೆ ವಿದೇಶಿ ಸ್ಪೀಕರ್ ಮಾರುವ ಅಂಗಡಿ. ಗೋಡೆಗೆಲ್ಲ ದಪ್ಪ ಪರದೆ, ನಡುವೆ ಒಂದು ಸೋಫಾ. ಗೆಳೆಯ ದೇಶಪಾಂಡೆ ಜೊತೆಗಿದ್ದ. ಅಂಗಡಿಯವರು ನಿಮ್ಮದೇ ಹಾಡು ತನ್ನಿ, ಗೊತ್ತಿದ್ದ ಹಾಡಿನಲ್ಲೇ ಸ್ಪೀಕರಿನ ಗುಣ ತಿಳಿಯುವುದು ಎಂದಿದ್ದರು. ಇಂದೂ ತಮ್ಮ ಮಂಡಳದ ಭಜನೆಯ ಕ್ಯಾಸೆಟ್ಟನ್ನು ಪರ್ಸಿನಲ್ಲಿಟ್ಟುಕೊಂಡು ಬಂದಿದ್ದಳು. ಮೊದಲು ಹಾಕಿದ್ದು ಮರದ ಬಣ್ಣದ ಗಿಡ್ಡ ಜೋಡಿ. ಇಂದೂ ಕಣ್ಣು ಮುಚ್ಚಿ ಕೇಳಿದಳು. ಮುಖ ಅರಳಿತು.

“ಕಮಲಾಬಾಯಿ ಉಸಿರು ತಗೊಳ್ಳೋದು ಸುದ್ದಾ ಕೇಳಸ್ತದ ನೋಡ್ರಿ,” ಎಂದಳು.

ನನಗೆ ಯಾವ ಉಸಿರೂ ಕೇಳಲಿಲ್ಲ. ಹಾಡಿನ ಮೇಲೆ ಯಾರೋ ಕೌದಿ ಹೊದಿಸಿದಂತಿತ್ತು. ಆಮೇಲೆ ಇನ್ನೊಂದು ಜೋಡಿ ಹಾಕಿದರು — ಎದೆಮಟ್ಟದ ಕಪ್ಪು ಪೆಟ್ಟಿಗೆ, ಮೇಲೆ ಹೊಳೆಯುವ ಲೋಹದ ಗುಬುಟು. ತಾಳದ ಸದ್ದು ಜಿಗಿದು ಬಂತು. ಝಣ್ ಎಂದು, ತುದಿಯ ತನಕ. ಎಷ್ಟೋ ವರ್ಷಗಳಾಗಿದ್ದವು ಆ ಸದ್ದು ಕೇಳಿ. ನನ್ನ ಕಣ್ಣು ತುಂಬಿ ಬಂದವು, ಸುಳ್ಳಲ್ಲ. ತಿರುಗಿ ನೋಡಿದರೆ ಇಂದೂ ಎರಡೂ ಕಿವಿಗೆ ಸೆರಗು ಒತ್ತಿ ಹಿಡಿದಿದ್ದಳು. ಇವು ಬ್ಯಾಡ್ರಿ, ಕಿವ್ಯಾಗ ಸೂಜಿ ಚುಚ್ಚಿಧಂಗ ಆಗ್ತದ, ಧ್ವನಿ ಹಿಂಗ ಇರೂದಿಲ್ಲ ಎಂದಳು. ಅತ್ತಿಗೆಯವರು ಹೇಳುವುದು ಬರೋಬರ್, ಈ ಜೋಡಿ ತುಸು ಖಾರವೇ ಎಂದು ಅಂಗಡಿಯವರೂ ಒಪ್ಪಿದರು. ಅಲ್ಲಿದ್ದ ಇನ್ನೊಬ್ಬ ಗಿರಾಕಿಯೂ ಹೂಂಗುಟ್ಟಿದ. ದೇಶಪಾಂಡೆ ನನ್ನ ಮುಖ ನೋಡಿದ — ಕಾನಸೇನ ಏನನ್ನುತ್ತಾನೆ ಎಂದು.

ಆಗ ಹೇಳಿದೆ. “ನಿನ್ನ ಕಿವಿನ ಸರಿ ಇಲ್ಲ, ಇಂದೂ. ಈಗೀಗ ಶ್ರುತಿ ಸುದ್ದಾ ತಿಳೀವಲ್ತು ನಿನಗ.”

ಅವಳು ಸೆರಗು ಕೆಳಗಿಳಿಸಿದಳು. ಕಪ್ಪು ಜೋಡಿ ಟೆಂಪೋದಲ್ಲಿ ಮನೆಗೆ ಬಂತು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ನೆಲವನ್ನೂ ಬಿಟ್ಟು ಹೆಂಡತಿಯನ್ನು ಡೊಂಕು ಎಂದೆ. ಇಷ್ಟಕ್ಕೇ ನಿಂತಿದ್ದರೆ ಸಿಟ್ಟಿನ ಮಾತು ಎಂದು ಮರೆಯಬಹುದಿತ್ತು. ನಿಲ್ಲಲಿಲ್ಲ. ಎರಡು ದಿನ ಬಿಟ್ಟು ಇಂದೂ ಮೆಂತ್ಯದ ಸೊಪ್ಪು ಸೋಸುತ್ತ, ತಲೆ ಎತ್ತದೆ ಕೇಳಿದಳು:

“ಖರೆ ಹೇಳ್ರಿ, ನಾ ಹಾಡೂದು ಬೇಸೂರ ಆಗ್ತದೇನು?”

ಇಲ್ಲ ಎನ್ನಲು ಎಷ್ಟು ಹೊತ್ತು? ಒಂದು ಶಬ್ದ. ನನ್ನ ಬಾಯಿಂದಲೂ ಒಂದೇ ಶಬ್ದ ಬಂತು — “ಒಮ್ಮೊಮ್ಮೆ.”

ಅವಳು ನಂಬಿದಳು. ತನ್ನ ಕಿವಿಗಿಂತ ನನ್ನ ಕಿವಿಯ ಮೇಲೆ ಅವಳಿಗೆ ಹೆಚ್ಚು ನಂಬಿಕೆ. ಮುಂದಿನ ಭಜನೆಗೆ ಸ್ವರ ಎತ್ತದೆ ಕಮಲಾಬಾಯಿಗಾಗಿ ಕಾದಳಂತೆ. ಆಮೇಲೆ ಹಿಂದಿನ ಸಾಲಿಗೆ ಸರಿದಳು. ಆಮೇಲೆ ಮಂಡಿನೋವು ಎಂದಳು. ಹೆಂಗಸರು ಕರೆಯಲು ಮನೆಗೇ ಬಂದರು. ಅವಳು ಒಳಗಿದ್ದಳು, ಬಾಗಿಲಲ್ಲಿ ನಿಂತು ನಾನೇ ಹೇಳಿದೆ, ಅವಳ ಕಿವಿಗೆ ತ್ರಾಸ ಅದ ಎಂದು. ಅವರು ಪಾಪ ಎಂದು ಹೋದರು. ಮತ್ತೆ ಬರಲಿಲ್ಲ.

ಕಿವಿಯ ಡಾಕ್ಟರರಿಗೆ ತೋರಿಸೋಣವೇ ಎಂದು ಅವಳು ಕೇಳಿದ್ದುಂಟು. ಬೇಡವೆಂದೆ. ಡಾಕ್ಟರು ಯಂತ್ರ ಹಾಕಿದರೆ ಏನು ಹೇಳುತ್ತಾರೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡು, ನಮ್ಮವ್ವ ಅದನ್ನೇ ಮಾಡುತ್ತಿದ್ದಳು ಎಂದೆ. ಅವಳು ಕಾಯಿಸಿದಳು. ತಾನೇ ಬಿಟ್ಟುಕೊಂಡರೆ ಕೆನ್ನೆಗೆ ಇಳಿಯುತ್ತದೆ ಎಂದು ನನ್ನ ತೊಡೆಯ ಮೇಲೆ ತಲೆ ಇಟ್ಟು ಮಲಗುತ್ತಿದ್ದಳು. ನಾನು ಹತ್ತಿ ಅದ್ದಿ, ಬೆಚ್ಚಗಿದೆಯೇ ಎಂದು ನನ್ನ ಮುಂಗೈಗೆ ಹಚ್ಚಿ ನೋಡಿ, ಹನಿ ಹನಿಯಾಗಿ ಬಿಡುತ್ತಿದ್ದೆ. ನೆಟ್ಟಗಿದ್ದ ಕಿವಿಗೆ. ನನ್ನ ಕೈಯಾರೆ. ಈಗ ಹಗುರ ಅನಸ್ತದ್ರಿ ಎಂದು ಅವಳು ಹೇಳುತ್ತಿದ್ದಳು — ನನಗೆ ಸಮಾಧಾನವಾಗಲೆಂದು ಹೇಳುತ್ತಿದ್ದಳೋ ಏನೋ.

ಕಪ್ಪು ಸ್ಪೀಕರಿನ ಸುತ್ತ ಭಾನುವಾರದ ಸಭೆ ನಡೆದೇ ಇತ್ತು. ನಾನು ಹಾಡು ಹಾಕಿದೊಡನೆ ಇಂದೂ ಬಾಲ್ಕನಿಗೆ ಹೋಗಿ ಬಾಗಿಲೆಳೆದುಕೊಳ್ಳುವಳು. ಗೆಳೆಯರೂ ಒಬ್ಬೊಬ್ಬರಾಗಿ ಕಡಿಮೆಯಾದರು. ಅವರಿಗೂ ಸೂಜಿ ಚುಚ್ಚುತ್ತಿತ್ತೇನೋ. ಹೇಳುವ ಧೈರ್ಯ ಇಂದೂ ಒಬ್ಬಳಿಗೇ ಇದ್ದದ್ದು, ಅದನ್ನೂ ನಾನೇ ಕಿತ್ತುಕೊಂಡಿದ್ದೆ.

ನಿವೃತ್ತನಾದ ಮೇಲೆ ಮಾತೂ ಕೇಳದಾಯಿತು. ಮುಚ್ಚಿಡುವ ಹಾಗಿರಲಿಲ್ಲ. ಡಾಕ್ಟರ ಹತ್ತಿರ ಎಳೆದುಕೊಂಡು ಹೋದವಳು ಇಂದೂನೇ. ಕಿವಿಗೆ ಮಷಿನ್ ಹಾಕಿಸಿಕೊಂಡು ರಿಕ್ಷಾದಲ್ಲಿ ಬರುವಾಗ, ಆ ಹೊಸ ಮಷಿನ್ನಿನಲ್ಲಿ ನಾನು ಕೇಳಿದ ಅವಳ ಮೊದಲ ಮಾತು ಇದು:

“ನನ್ನ ರೋಗ ನಿಮಗೂ ಹತ್ತಿತಲ್ರೀ.”

ತನ್ನದೇ ತಪ್ಪು ಎಂಬಂತೆ ಹೇಳಿದಳು. ಆಗಲೂ ನಾನು ಬಾಯಿ ಬಿಡಲಿಲ್ಲ. ಮನೆಗೆ ಬಂದು ಅದೇ ಕಪ್ಪು ಸ್ಪೀಕರಿನಲ್ಲಿ ಹಳೆಯ ಭಜನೆಯ ಕ್ಯಾಸೆಟ್ ಹಾಕಿದೆ. ತಾಳ ಬಡಿದದ್ದೇ ಕೈ ತಾನಾಗಿ ಕಿವಿಗೆ ಹೋಯಿತು. ಸೂಜಿ. ಅವಳು ಹೇಳಿದ್ದು ಅದೇ ಶಬ್ದ, ಇನ್ನೊಂದು ಶಬ್ದ ಸಲ್ಲುವುದಿಲ್ಲ. ಅಂದಿನಿಂದ ಆ ಸ್ಪೀಕರಿಗೆ ಬಟ್ಟೆ ಹೊದಿಸಿದ್ದೇನೆ.

ಕಳೆದ ವಾರ ಪೇಪರ್ ಓದುತ್ತ ಮಷಿನ್ ತೆಗೆದಿಟ್ಟಿದ್ದೆ. ಅಡುಗೆಮನೆಯ ಕಡೆ ನೋಡಿದರೆ ಹಿಟ್ಟು ನಾದುತ್ತಿದ್ದ ಇಂದೂನ ತುಟಿ ಆಡುತ್ತಿದ್ದವು. ಮಾತಾಡಲು ಅಲ್ಲಿ ಯಾರೂ ಇರಲಿಲ್ಲ. ಮಷಿನ್ ಹಾಕಿಕೊಂಡು ಸದ್ದಿಲ್ಲದೆ ಬಾಗಿಲಿಗೆ ಹೋದೆ. ಹಾಡುತ್ತಿದ್ದಳು. ಸಣ್ಣ ದನಿಯಲ್ಲಿ, ಅದೇ ಜಾಗದಲ್ಲಿ ಕೂತ ಸ್ವರ. ನನ್ನನ್ನು ಕಂಡಳು, ನನ್ನ ಕಿವಿಯಲ್ಲಿ ಮಷಿನ್ ಕಂಡಳು, ನಿಲ್ಲಿಸಿದಳು.

“ನಿಮಗ ತ್ರಾಸ ಆತೇನ್ರಿ?”

ಇಷ್ಟು ವರ್ಷ ಅವಳು ಹಾಡುತ್ತಲೇ ಇದ್ದಳು, ನನಗೆ ಕೇಳಿಸದಾಗ ಮಾತ್ರ. ಇಲ್ಲ ಎಂದು ತಲೆಯಾಡಿಸಿ ಕುರ್ಚಿಗೆ ಮರಳಿದೆ. ಆಗಲೂ — ಹೇಡಿ.

ಇವತ್ತು ಇದನ್ನು ಬರೆದಿದ್ದೇನೆ. ಕ್ಷಮೆ ಕೇಳುವುದಕ್ಕೆ ಮೊದಲು ನಿಜ ಹೇಳಬೇಕು, ನಿಜ ಬಾಯಲ್ಲಿ ಬರುವುದಿಲ್ಲ, ಅದಕ್ಕೆ ಓದಿ ಹೇಳುತ್ತೇನೆ. ಅವಳು ಅಡುಗೆಮನೆಯಲ್ಲಿದ್ದಾಳೆ, ಮಷಿನ್ ಮೇಜಿನ ಮೇಲಿದೆ, ಅವಳ ತುಟಿ ಆಡುತ್ತಿವೆ. ಓದುವುದಕ್ಕೆ ನನಗೆ ಮಷಿನ್ ಬೇಕಿಲ್ಲ. ಓದಿ ಮುಗಿಸಿದ ಮೇಲೆ ಅವಳು ಏನು ಅನ್ನುತ್ತಾಳೋ, ಅದು ಪೂರ್ತಿ ಕೇಳಬೇಕು. ಹಾಕಿಕೊಂಡೇ ಹೋಗುತ್ತೇನೆ.